ಕಲ್ಲು ಮಗುಚಿದ ಮೇಷ್ಟ್ರು

2005ರ ಮೇ ತಿಂಗಳ ಮಾತು. ಆಗ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಶ್ವಾಸಕೋಶವಿಲ್ಲದ ಸಾಲಮಾಂಡರ್‌ಗಳ ಪ್ಲೆಥೊಡಾಂಟಿಡೆ ಕುಟುಂಬ ಅಮೆರಿಕ ಖಂಡಗಳದ್ದು, ಇಟಲಿಯ ಆಸುಪಾಸಿನಲ್ಲಿ ಒಂದಿಷ್ಟಿವೆ, ಏಷ್ಯಾದಲ್ಲಿಲ್ಲ ಅಂತ ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. ಬೇಸಿಗೆ ರಜೆಯಲ್ಲಿ ಬಂದ 'ನೇಚರ್' ಪತ್ರಿಕೆ ಆ ಮಾತಿಗೆ ಕಾಟು ಹೊಡೆಯಿತು.

ನಡೆದದ್ದು ಹೀಗೆ ನೋಡಿ. ಸ್ಟೀಫನ್ ಕಾರ್ಸೆನ್ ಅಂತ ಅಮೆರಿಕದ ವಿಜ್ಞಾನದ ಮೇಷ್ಟ್ರು, ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಪಾಠ ಮಾಡುತ್ತಿದ್ದರು. 2003ರ ಏಪ್ರಿಲ್‌ನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗುಡ್ಡಕ್ಕೆ ಹೋಗಿ ಕಲ್ಲು ಮಗುಚುತ್ತಿದ್ದಾಗ, ಕೆಳಗೆ ಬೆರಳುದ್ದದ ಕಂದು ಪ್ರಾಣಿ, ಬೆನ್ನ ಮೇಲೆ ಕೆಂಪು ಛಾಯೆಯ ಪಟ್ಟೆ. ಬೇರೆಯವರಾಗಿದ್ದರೆ, ಸಾಲಮಾಂಡರ್ ತಾನೇ ಅಂತ ಕಲ್ಲು ಮುಚ್ಚಿ ಮುಂದೆ ಹೋಗುತ್ತಿದ್ದರೋ ಏನೋ.

ಇಲ್ಲೊಂದು ತೊಡಕಿದೆ. ಶ್ವಾಸಕೋಶ ಇಲ್ಲ ಅನ್ನೋದೊಂದೇ ಸಾಕ್ಷಿಗೆ ಸಾಲದು. ಕೊರಿಯಾದ ತೊರೆಗಳಲ್ಲಿ ಉಗುರುಳ್ಳ ಇನ್ನೊಂದು ಸಾಲಮಾಂಡರ್ ಇದೆ; ಅದಕ್ಕೂ ಶ್ವಾಸಕೋಶವಿಲ್ಲ, ಆದರೆ ಕುಟುಂಬವೇ ಬೇರೆ. ಪ್ಲೆಥೊಡಾಂಟಿಡೆಯ ಗುರುತು ಇರುವುದು ಮೂತಿಯಲ್ಲಿ. ಭೂತಗನ್ನಡಿ ಹಿಡಿದರೆ ಮೂಗಿನ ಹೊಳ್ಳೆಯಿಂದ ಮೇಲ್ದುಟಿಗೆ ಇಳಿದ ಕೂದಲೆಳೆಯಂಥ ಗೀರು ಕಾಣುತ್ತದೆ. ಮೂತಿ ನೆಲಕ್ಕೆ ತಾಗಿಸಿದಾಗ ಅಲ್ಲಿನ ತೇವ ಆ ಗೀರಿನಗುಂಟ ಏರಿ ಮೂಗಿಗೆ ವಾಸನೆ ಮುಟ್ಟಿಸುತ್ತದೆ. ಉಸಿರಾಟವೆಲ್ಲ ಒದ್ದೆ ಚರ್ಮ, ಬಾಯೊಳಗಿನ ಪೊರೆಯ ಮೂಲಕ. ಈ ಗೀರು ಪ್ಲೆಥೊಡಾಂಟಿಡೆಯವಕ್ಕೆ ಮಾತ್ರ.

ಸುದ್ದಿ ಬರ್ಕ್ಲಿಯ ಡೇವಿಡ್ ವೇಕ್ ಅವರಿಗೆ ಮುಟ್ಟಿತು. 1966ರಲ್ಲೇ ಈ ಕುಟುಂಬದ ಮೂಳೆಗಳ ಬಗ್ಗೆ ಗ್ರಂಥ ಬರೆದವರು ಅವರು. ಕೊರಿಯಾದ ಮಿನ್ ಮಿ-ಸೂಕ್, ಯಾಂಗ್ ಸೊ-ಯಂಗ್ ಸೇರಿದಂತೆ ಆರು ಮಂದಿ ಮೂಳೆ, ಡಿಎನ್‌ಎ ಎರಡನ್ನೂ ಜಾಲಾಡಿದರು. ಕುಟುಂಬ ಅದೇ, ಆದರೆ ಗೊತ್ತಿದ್ದ ಯಾವ ಕುಲಕ್ಕೂ ಹೊಂದಲಿಲ್ಲ. ಹೊಸ ಕುಲವನ್ನೇ ತೆರೆಯಬೇಕಾಯಿತು: ಕಾರ್ಸೇನಿಯಾ ಕೊರಿಯಾನಾ. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಮೇಷ್ಟ್ರ ಹೆಸರಿಲ್ಲ, ಕುಲದ ಹೆಸರೇ ಅವರದು. ನನ್ನನ್ನು ಕೇಳಿದರೆ ಇದೇ ದೊಡ್ಡ ಮರ್ಯಾದೆ.

ರಜೆ ಮುಗಿದ ಮೇಲೆ ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಾಗಾದ್ರೆ ನಮ್ಮ ಘಟ್ಟದಲ್ಲೂ ಇರಬಹುದಲ್ವಾ ಸರ್?" ಅಂದಳು.

"ಘಟ್ಟದಲ್ಲಿ ಕಾಲಿಲ್ಲದ ಸಿಸಿಲಿಯನ್‌ಗಳಿವೆ ಕಣಮ್ಮ. ಸಾಲಮಾಂಡರ್ ಈವರೆಗೆ ಒಂದೂ ಸಿಕ್ಕಿಲ್ಲ" ಅಂದೆ.

"ಇದೂ 2003ರ ತನಕ ಯಾರಿಗೂ ಸಿಕ್ಕಿರ್ಲಿಲ್ವಲ್ಲ ಸರ್" ಅಂದು ಕೂತಳು.