ಚಾಕುವಿಗೂ ಒಂದು ಮೆಂಡರ್

ನಮ್ಮೂರು ದೇವರಾಯಸಮುದ್ರ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ. ಹೆಸರಿನಲ್ಲಿ ಸಮುದ್ರವಿದ್ದರೂ ಇರುವುದು ಕೆರೆ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆಯಲ್ಲಿ ಕೆರೆಯನ್ನೇ ಸಮುದ್ರವೆಂದು ಕರೆದ ಹಿರಿಯರ ಆಸೆ ದೊಡ್ಡದು. ಅಂಥ ಆಸೆಯಿಂದಲೇ ನಮ್ಮಪ್ಪ ಇಲ್ಲಿ ಮಾವಿನ ತೋಪು ಮಾಡಿದರು. ಮಳೆಗಾಲದಲ್ಲಿ ಕಸಿ ಕಟ್ಟಿ, ಸಸಿ ಮಾರಿ ನಮ್ಮನ್ನು ಓದಿಸಿದರು. ಅವರ ಸೊಂಟದಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತಿತ್ತು.

ಅಪ್ಪನಿಗೆ ಈಗ ಕೈ ನಡುಗುತ್ತದೆ. ಎರಡು ವರ್ಷದ ಹಿಂದೆ ಪಿ.ಯು.ಸಿ. ಓದುತ್ತಿದ್ದ ನನ್ನ ಮಗ, 'ಈ ಸಲ ಕಸಿ ನಾನು ಕಟ್ತೀನಿ ತಾತ' ಎಂದ. ಮುಂದೆ ತೋಟಗಾರಿಕೆ ಓದಬೇಕೆಂಬುದು ಅವನ ಮನಸ್ಸಿನಲ್ಲಿತ್ತು. ನಾಲ್ಕು ಭಾನುವಾರ ಕೂತು 60 ಸಸಿಗೆ ಬಾದಾಮಿ ಕಸಿ ಕಟ್ಟಿದ. ಚಿಗುರಿದ್ದು 17 ಮಾತ್ರ. ನಡುವೆ ಒಮ್ಮೆ ಚಾಕು ಜಾರಿ ಎಡಗೈ ಹೆಬ್ಬೆರಳು ಸೀಳಿತು. 'ನನ್ನ ಕೈಗುಣ ಸರಿಯಿಲ್ಲ. ಬಿ.ಕಾಂ. ಸೇರ್ಕೋತೀನಿ' ಎಂದುಬಿಟ್ಟ.

ಅಪ್ಪ ಮಾತಾಡಲಿಲ್ಲ. ಚಾಕು ತರಿಸಿ, ಹೆಬ್ಬೆರಳನ್ನು ಅಂಚಿನ ಮೇಲೆ ಅಡ್ಡಲಾಗಿ ಮೆಲ್ಲಗೆ ಸವರಿದರು. 'ಕೈಗುಣ ಅಲ್ಲ ಮಗಾ, ಚಾಕು ಮೊಂಡು. ಹರಿತ ಇಲ್ದಿರೋ ಚಾಕೂನೇ ಕೈ ಕುಯ್ಯೋದು' ಎಂದರು.

ಮಾತು ನಿಜ. ಮೊಂಡು ಚಾಕುವಿಗೆ ಬಲ ಹಾಕಬೇಕು. ಬಲ ಹಾಕಿದಾಗ ಅದು ಜಾರುತ್ತದೆ. ಕಸಿಯ ಕತೆಯೂ ಇದೇ. ಕಸಿಕಡ್ಡಿಯ ಬುಡವನ್ನು ಆಪಿನಂತೆ ಎರಡು ಕಡೆ ಓರೆಯಾಗಿ ಕೊಯ್ದು, ಸೀಳಿದ ಸಸಿಯ ಕಾಂಡದಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತೇವೆ. ಸಿಪ್ಪೆಗೂ ಕಟ್ಟಿಗೆಗೂ ನಡುವೆ ಇರುವ ತೆಳುಪದರ ಒಂದಕ್ಕೊಂದು ತಾಗಿದರೆ ಮಾತ್ರ ಗಿಡ ಬೆಸೆಯುತ್ತದೆ. ಹರಿತವಾದ ಚಾಕು ಒಂದೇ ಎಳೆತಕ್ಕೆ ಕನ್ನಡಿಯಂತೆ ಕೊಯ್ಯುತ್ತದೆ. ಮೊಂಡು ಚಾಕು ಆ ಪದರವನ್ನೇ ಜಜ್ಜುತ್ತದೆ. ನಡುವೆ ಸಂದು ಉಳಿದು ಕಡ್ಡಿ ಒಣಗುತ್ತದೆ.

ಹಾಗಾದರೆ ಸಾಣೆ ಹಿಡಿಯುವವರು ಯಾರು? ಹಿಂದೆ ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಸಾಣೆಯವನು ಬರುತ್ತಿದ್ದ. ಅಪ್ಪ ಅವನ ಕೈಗೆ ಮಚ್ಚು, ಈಳಿಗೆ ಕೊಡುತ್ತಿದ್ದರೇ ಹೊರತು ಕಸಿ ಚಾಕು ಕೊಡುತ್ತಿರಲಿಲ್ಲ. ಕಿಡಿ ಹಾರುವಷ್ಟು ಉಜ್ಜಿದರೆ ತೆಳು ಅಲಗು ಕಾದು ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಅವರೇ ಜಗಲಿಯಲ್ಲಿ ಕೂತು ಸಾಣೆಕಲ್ಲಿಗೆ ನೀರು ಚಿಮುಕಿಸಿ ಉಜ್ಜುತ್ತಿದ್ದರು. ನಾನು ಕಲಿಯಲಿಲ್ಲ. ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿ ಸೀಮೆಸುಣ್ಣ ಹಿಡಿದವನು ಕಲ್ಲು ಹಿಡಿಯಲಿಲ್ಲ.

ಅಂಗಡಿಯಲ್ಲಿ ವಿಚಾರಿಸಿದಾಗ, ಕೋನ ತಪ್ಪದಂತೆ ತಾನೇ ಹಿಡಿದುಕೊಡುವ ಸಾಣೆಗಳು ಬಂದಿವೆ ಎಂದರು. ಅಪ್ಪ ನಕ್ಕರು. 'ಪೆನ್ಸಿಲ್‌ಗೆ ಮೆಂಡರ್ ಇದ್ದಂಗೆ ಚಾಕೂಗೂ ಮೆಂಡರಾ?'

ಹೋಲಿಕೆ ತಮಾಷೆಯಾಗಿದ್ದರೂ ಸರಿಯಾಗಿತ್ತು. ಮೆಂಡರಿನ ತೂತೇ ಪೆನ್ಸಿಲ್ಲಿನ ಓರೆಯನ್ನು ನಿರ್ಧರಿಸುತ್ತದೆ. ಮಗುವಿನ ಕೈ ತಿರುಗಿಸಿದರೆ ಸಾಕು. ಚಾಕುವಿಗೂ ಬೇಕಾದದ್ದು ಅದೇ ಓರೆ. ಸಾಮಾನ್ಯ ಜೇಬುಚಾಕುವಿಗೆ ಒಂದೊಂದು ಮಗ್ಗುಲಿಗೆ ಸುಮಾರು 20 ಡಿಗ್ರಿ. 2 ಸೆಂ.ಮೀ. ಅಗಲದ ಅಲಗನ್ನು ಕಲ್ಲಿನ ಮೇಲೆ 20 ಡಿಗ್ರಿಗೆ ಹಿಡಿಯಬೇಕಾದರೆ ಅದರ ಬೆನ್ನು ಎಷ್ಟು ಎತ್ತರದಲ್ಲಿರಬೇಕು? ಸೈನ್ 20 ಅಂದರೆ 0.34, ಎರಡರಿಂದ ಗುಣಿಸಿದರೆ ಸುಮಾರು 7 ಮಿ.ಮೀ. ಕೈ ನಡುಗಿ ಬೆನ್ನು 10 ಮಿ.ಮೀ.ಗೆ ಎದ್ದರೆ ಕೋನ 30 ಡಿಗ್ರಿ! ಮೂರೇ ಮಿಲಿಮೀಟರಿನ ತಪ್ಪು. ಸೈನ್, ಕಾಸ್ ಎಂದು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದವನಿಗೆ ಅದು ನಮ್ಮ ಜಗಲಿಯಲ್ಲೇ ಕೂತಿತ್ತೆಂದು ಹೊಳೆದದ್ದು ಅವತ್ತು.

ಮೊದಲು ತಂದದ್ದು ಅಗ್ಗದ್ದು. ಎರಡು ಗಟ್ಟಿ ಲೋಹದ ತುಣುಕುಗಳನ್ನು 'ವಿ' ಆಕಾರದಲ್ಲಿ ಕೂರಿಸಿದ್ದು. ನಡುವೆ ಚಾಕು ಇಟ್ಟು ನಾಲ್ಕು ಸಲ ಎಳೆದರೆ ಆಯಿತು. ಕಸಿ ಚಾಕುವಿಗೂ ಆಗುತ್ತದೆ ಎಂದೇ ಮಾರಿದರು. ಅಡಿಗೆಮನೆಯ ಚಾಕುವಿಗೆ ಅದು ತಕ್ಕಮಟ್ಟಿಗೆ ಸಾಕು. ಆದರೆ ಅದು ಅಂಚನ್ನು ಮಸೆಯುವುದಿಲ್ಲ, ಕೆರೆಯುತ್ತದೆ. ಲೋಹ ಬೇಗ ಸವೆಯುತ್ತದೆ. ಅದಕ್ಕಿಂತ ದೊಡ್ಡ ತೊಡಕು, ನಮ್ಮ ಕಸಿ ಚಾಕುವಿಗೆ ಓರೆ ಇರುವುದು ಒಂದೇ ಮಗ್ಗುಲಿಗೆ. ಇನ್ನೊಂದು ಮಗ್ಗುಲು ಚಪ್ಪಟೆ. ಆ ಚಪ್ಪಟೆಯಿಂದಲೇ ಕೊಯ್ತ ನೇರ ಬರುವುದು. 'ವಿ' ಸಾಣೆ ಎರಡೂ ಕಡೆ ಕೆರೆದು ಚಪ್ಪಟೆಯನ್ನೇ ಕೆಡಿಸಿತು. ಅಪ್ಪ ನೋಡಿ ಮುಖ ತಿರುಗಿಸಿಕೊಂಡರು.

ಆಮೇಲೆ ಅಪ್ಪ, ಮೊಮ್ಮಗ, ನಾನು ಮೂವರೂ ಕೂತು ಯೋಚಿಸಿದೆವು. ಎರಡನೆಯ ಬಗೆ, ಮರದ ಅಥವಾ ಪ್ಲಾಸ್ಟಿಕ್ ಪೀಠದಲ್ಲಿ ಪಿಂಗಾಣಿ ಕಡ್ಡಿಗಳನ್ನು ಓರೆಯಾಗಿ ನೆಟ್ಟದ್ದು. ಚಾಕುವನ್ನು ನೆಟ್ಟಗೆ ಹಿಡಿದು ಕೆಳಕ್ಕೆ ಎಳೆದರೆ ಸಾಕು, ಕೋನ ಕಡ್ಡಿಯದು. ಸ್ಪೈಡರ್ಕೋ ಕಂಪನಿಯ ಇಂಥ ಸಾಣೆಯಲ್ಲಿ ಎರಡೂ ಮಗ್ಗುಲು ಸೇರಿ 30 ಅಥವಾ 40 ಡಿಗ್ರಿ ಬರುತ್ತದೆ. ದಿನಬಳಕೆಯ ಚಾಕುವನ್ನು ಹದದಲ್ಲಿಡಲು ಒಳ್ಳೆಯದು. ಪೂರಾ ಮೊಂಡಾದದ್ದನ್ನು ತಿದ್ದಲು ಬಹಳ ಹೊತ್ತು ಹಿಡಿಯುತ್ತದೆ. ಮೂರನೆಯದು ಹಿಡಿಕೆಯ ಬಗೆ. ಅಲಗನ್ನು ಹಿಡಿಕೆಯಲ್ಲಿ ಬಿಗಿದರೆ, ಕಲ್ಲಿಗೆ ಜೋಡಿಸಿದ ಕಂಬಿ ತೂತಿನೊಳಗೆ ಓಡಾಡುತ್ತದೆ. ಲ್ಯಾನ್ಸ್ಕಿ ಎಂಬ ಹೆಸರಿನದರಲ್ಲಿ 17, 20, 25, 30 ಡಿಗ್ರಿಗೆ ನಾಲ್ಕು ತೂತುಗಳು. ನಡುಗುವ ಕೈಗೂ ಕೋನ ತಪ್ಪದು. ಒಂದೇ ಮಗ್ಗುಲನ್ನು ಮಸೆದು ಸುಮ್ಮನಾಗಬಹುದು. ನಮಗೆ ಬೇಕಾಗಿದ್ದದ್ದು ಇದೇ.

ಆದರೂ ಒಂದು ಮಾತು ನೆನಪಿಡಬೇಕು. ತೂತಿನ ಪಕ್ಕ ಬರೆದ ಡಿಗ್ರಿಯನ್ನು ಪೂರಾ ನಂಬಬಾರದು. ಅಲಗು ಹಿಡಿಕೆಯಿಂದ ಹೆಚ್ಚು ಮುಂದೆ ಚಾಚಿದಷ್ಟೂ ಕೋನ ಕಡಿಮೆಯಾಗುತ್ತದೆ. ಅದಕ್ಕೆ ಮಗ ಒಂದು ಉಪಾಯ ಮಾಡಿದ. ಓರೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಉಜ್ಜಿ ನೋಡಿದ. ಬಣ್ಣ ಅಂಚಿನಿಂದ ಮೇಲಿನವರೆಗೆ ಒಂದೇ ಸಮ ಅಳಿಸಿದರೆ ಕೋನ ಸರಿ. ಅಂಚಿನಲ್ಲಷ್ಟೇ ಅಳಿಸಿದರೆ ಕೋನ ಹೆಚ್ಚು. ಅಂಚಿನಲ್ಲಿ ಉಳಿದು ಮೇಲೆ ಅಳಿಸಿದರೆ ಕಡಿಮೆ.

ಇನ್ನು ಎಷ್ಟು ಹೊತ್ತು ಮಸೆಯಬೇಕು? ಅದನ್ನು ಯಾವ ಸಾಣೆಯೂ ಹೇಳುವುದಿಲ್ಲ. ಒಂದು ಮಗ್ಗುಲನ್ನು ಸಾಕಷ್ಟು ಮಸೆದಾಗ ಎದುರು ಮಗ್ಗುಲಿನ ಅಂಚಿಗೆ ಕೂದಲಿನಷ್ಟು ತೆಳುವಾದ ಲೋಹದ ಮಡಿಕೆ ಏಳುತ್ತದೆ. ಬೆರಳಿಗೆ ಚೂರು ಗರಗರ ಎನ್ನುತ್ತದೆ. ಅದು ತುದಿಯಿಂದ ಬುಡದವರೆಗೆ ಎದ್ದ ಮೇಲೆ ನಯವಾದ ಕಲ್ಲಿಗೆ ಹೋಗಬೇಕು. ಕೊನೆಗೆ ಚಪ್ಪಟೆ ಮಗ್ಗುಲನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಹಗುರವಾಗಿ ಎರಡೆಳೆದರೆ ಮಡಿಕೆ ಹೋಗುತ್ತದೆ. ಇದನ್ನು ಅಪ್ಪ ಮೊಮ್ಮಗನ ಬೆರಳು ಹಿಡಿದೇ ತೋರಿಸಿದರು. 'ಅಂಚಿನುದ್ದಕ್ಕೆ ಬೆರಳು ಎಳೀಬೇಡ ಕಣೋ. ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಸವರು. ಸಿಕ್ತಾ?' 'ಸಿಕ್ತು ತಾತ.'

ಕೆಟ್ಟುಹೋಗಿದ್ದ ಚಪ್ಪಟೆಯನ್ನು ಸರಿಮಾಡಲು ಮೂರು ಸಂಜೆ ಹಿಡಿಯಿತು. ಮುಂದಿನ ಮಳೆಗಾಲಕ್ಕೆ ಮತ್ತೆ 60 ಸಸಿ. ಈ ಸಲ ಚಿಗುರಿದ್ದು 43. ಎಲ್ಲವೂ ಚಾಕುವಿನ ಮಹಿಮೆ ಎನ್ನಲಾರೆ. ಮಳೆ ಚೆನ್ನಾಗಿತ್ತು, ಕಡ್ಡಿಯ ಎಲೆಗಳನ್ನು ಎಂಟು ಹತ್ತು ದಿನ ಮೊದಲೇ ಸವರಿ, ಮೊಗ್ಗು ಉಬ್ಬಿದ ಮೇಲೆ ಕೊಯ್ದಿದ್ದೆವು. ಆದರೆ ಹುಡುಗ ಕೈಗುಣದ ಮಾತೆತ್ತಲಿಲ್ಲ. ಬಿ.ಕಾಂ. ಮಾತನ್ನೂ ಎತ್ತಲಿಲ್ಲ.

ಮಕ್ಕಳು ಒಂದು ಸಲ ಸೋತಾಗ ನಾವು ಹಿರಿಯರು ಅವರ ಬುದ್ಧಿಯನ್ನೋ ಹಣೆಬರಹವನ್ನೋ ಅಳೆಯಲು ಕೂರುತ್ತೇವೆ. ಕೈಯಲ್ಲಿದ್ದ ಚಾಕು ಹೇಗಿತ್ತೆಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಮಕ್ಕಳಿಗೂ ಒಂದು ಮಾತು: ಸಾಣೆ ಕಲಿಯಿರಿ, ದೊಡ್ಡವರ ಜೊತೆ ಕೂತು ಕಲಿಯಿರಿ. ಚಾಕು ಮಾತ್ರ ಶಾಲೆಯ ಚೀಲಕ್ಕೆ ಹೋಗಬಾರದು.

ಮೊನ್ನೆ ಮಗ ಹಿಡಿಕೆ ಬದಿಗಿಟ್ಟು ಅಪ್ಪನ ಹಳೆಯ ಕಲ್ಲಿಗೆ ನೀರು ಚಿಮುಕಿಸಿ ಬರಿಗೈಯಲ್ಲಿ ಮಸೆಯುತ್ತಿದ್ದ. ಮುಗಿದ ಮೇಲೆ ತಾತನ ಕೈಗೆ ಕೊಟ್ಟ. ಅವರು ಒಂದು ಹಾಳೆ ತರಿಸಿ, ನಡುಗುವ ಕೈಯಲ್ಲೇ ಕೊಯ್ದು ನೋಡಿದರು. ಹಾಳೆ ಸದ್ದಿಲ್ಲದೆ ಎರಡಾಯಿತು. 'ಪರವಾಗಿಲ್ಲ' ಎಂದು ಚಾಕು ಮಡಚಿ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರು ಕಸಿ ಕಟ್ಟುವುದು ಬಿಟ್ಟು ಎರಡು ವರ್ಷವಾಯಿತು. ಕೊಡಿ ಎಂದು ಕೇಳಲು ನಮಗಿಬ್ಬರಿಗೂ ಮನಸ್ಸಾಗಲಿಲ್ಲ.