ಕಟ್ಟು ಹಾಕಿಸಿದ ಕೆರೆ

ಜಕ್ಕೂರು ಕೆರೆಯ ಫೋಟೋ ನೋಡಿ ನಮ್ಮ ಮನೆಯವರು, “ನೀರು, ಹಕ್ಕಿ ಚೆನ್ನಾಗಿವೆ. ಕಟ್ಟು ಹಾಕಿಸುವ ಮುಂಚೆ ಆ ಕಟ್ಟಡ ಕತ್ತರಿಸಿಬಿಡು” ಎಂದರು. ಅಂಚಿನಲ್ಲಿದ್ದದ್ದು ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ. ಮೊದಲು ಕಟ್ಟಿದಾಗ ದಿನಕ್ಕೆ 1 ಕೋಟಿ ಲೀಟರಿನದು. ನೋಡಲು ಅಂದವಿಲ್ಲ, ನಿಜ. ಆದರೆ ಪಾತ್ರೆ ತೊಳೆದು, ಬಟ್ಟೆ ಒಗೆದು ಮನೆಮನೆಯವರು ಚೆಲ್ಲಿದ ನೀರು ಅಲ್ಲಿ ಶುದ್ಧವಾಗಿ, ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆ ಸೇರುತ್ತದೆ. ಬೇಸಿಗೆಯಲ್ಲೂ ಕೆರೆ ಬತ್ತದಿರುವುದು ಬಹುಮಟ್ಟಿಗೆ ಅದರಿಂದಲೇ. ಸ್ಟುಡಿಯೋ ಹುಡುಗನಿಗೆ, “ಆಕಾಶ ಎರಡು ಬೆರಳು ಕಡಿಮೆ ಮಾಡಪ್ಪ, ಕಟ್ಟಡ ಇರಲಿ” ಎಂದೆ. ಅಡುಗೆಯವಳನ್ನು ಮರೆತು ಊಟವನ್ನಷ್ಟೇ ಹೊಗಳಿದರೆ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲವಲ್ಲ!