ನಾಲಗೆಯ ಚಪಲ

ಚಪಲ ನಮ್ಮ ಸೀಮೆಗೆ ಹೊಸದಲ್ಲ. ಮಂಡಕ್ಕಿ-ಮೆಣಸಿನಕಾಯಿಗೆ ಸೋಲದ ನಾಲಗೆ ಚನ್ನಗಿರಿಯಲ್ಲೂ ಇಲ್ಲ, ಹೊನ್ನಾಳಿ-ನ್ಯಾಮತಿಗಳಲ್ಲೂ ಇಲ್ಲ. ನಾನೂ ಆ ಭಕ್ತಮಂಡಳಿಯವನೇ. ಆದರೆ ಅದು ಸಂತೆಯ ದಿನದ ತಿಂಡಿಯಾಗಿತ್ತು, ಊಟವಾಗಿರಲಿಲ್ಲ. ಈಗಲೋ ಪೊಟ್ಟಣದ ಕುರುಕಲು, ಬಾಟಲಿಯ ಸಿಹಿನೀರುಗಳು ಊಟದ ಜಾಗವನ್ನೇ ಹಿಡಿಯುತ್ತಿವೆ.

ಜಗಳೂರಿನ ಮಳೆಯಾಶ್ರಿತ ಹೊಲಗಳು ಜೋಳ, ರಾಗಿ, ನವಣೆ, ಸಾವೆಗಳನ್ನು ಬೆಳೆದು ಮನೆಮಂದಿಯನ್ನು ಸಾಕಿದವು. ಇಂದು ಅಲ್ಲಿ ಮೆಕ್ಕೆಜೋಳ ಹಬ್ಬಿದೆ. ಮೆಕ್ಕೆಜೋಳದ ಬಹುಪಾಲು ಸೇರುವುದು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ. ಅಂಥ ಪಿಷ್ಟವೇ ಗೋಬಿ ಮಂಚೂರಿಯ ಮೈಗೆ ಮೆತ್ತಿಕೊಂಡು, ಎಣ್ಣೆಯಲ್ಲಿ ಮಿಂದು, ನಮ್ಮ ಬೀದಿಗೆ ಬರುತ್ತದೆ. ಬೆಳೆದವನ ಮಗನೇ ಅದನ್ನು ಕೊಂಡು ತಿನ್ನುತ್ತಾನೆ. ಹಗೇವಿನ ಧಾನ್ಯ ಹೋಯಿತು, ಜೇಬಿನ ಕಾಸೂ ಹೋಯಿತು!

ಬಣ್ಣದ ಕಥೆ ಬೇರೆಯೇ. ಬಟ್ಟೆಗೆ ಹಾಕುವ ರೋಡಮಿನ್-ಬಿ ತಿಂಡಿಯ ಮಾದರಿಗಳಲ್ಲಿ ಸಿಕ್ಕಿದ್ದರಿಂದ, 2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಆದರೆ ಉಪ್ಪು, ಸಕ್ಕರೆ, ಎಣ್ಣೆಗಳಿಗೆ ಅಂಥ ನಿಷೇಧವಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುರುಕಲಿನ ರುಚಿ ಅದನ್ನು ಮರೆಸುತ್ತದೆ. ರಕ್ತದೊತ್ತಡ, ಮಧುಮೇಹಗಳು ಬಾಗಿಲು ತಟ್ಟಿ ಬರುವ ನೆಂಟರಲ್ಲ.

ಊಟ ಬಲ್ಲವನಿಗೆ ರೋಗವಿಲ್ಲವೆಂದರು ಹಿರಿಯರು. ಮಿತ್ರರೇ, ಚಪಲವನ್ನು ಕೊಲ್ಲಬೇಕಾಗಿಲ್ಲ. ಅದನ್ನು ಮತ್ತೆ ಸಂತೆಯ ದಿನಕ್ಕೆ ಕಳುಹಿಸಿದರೆ ಸಾಕು.